ಗವ್ ಅಂದದ್ದು ಯಾರು

ನನ್ನ ತಂಗಿಯ ಬಗ್ಗೆ ಯಾರಾದರೂ ಬರೆಯುವುದಾದರೆ ಅದು ನಾನೇ ಆಗಬೇಕು. ಪ್ರೀತಿ ಉಕ್ಕಿ ಹರಿಯುತ್ತಿದೆ ಎಂದಲ್ಲ. ಹೊಟ್ಟೆಕಿಚ್ಚು ಪಡುವವರಿಗೆ ಮರೆವು ಕಡಿಮೆ, ಅದಕ್ಕೆ. ಐದನೇ ವಯಸ್ಸಿನಲ್ಲಿ ಅವಳು ತೊಡುತ್ತಿದ್ದ ಹಳದಿ ಫ್ರಾಕಿನ ಬೆನ್ನಿಗೆ ಎಷ್ಟು ಗುಂಡಿ ಇದ್ದವು ಎಂದು ಕೇಳಿ, ಈಗಲೂ ಹೇಳುತ್ತೇನೆ. ನಾಲ್ಕು. ಮೇಲಿನದು ನನ್ನ ಫ್ರಾಕಿನಿಂದ ಬಿಚ್ಚಿ ಅವಳದಕ್ಕೆ ಹಾಕಿದ್ದು.

ಮನೆಯಲ್ಲಿ ಅವಳಿಗೆ ಪುಕ್ಕಲಿ ಎಂದು ಹೆಸರು. ಇಟ್ಟವಳು ನಾನು. ನಾನು ಅಣಕಿಸಲೆಂದು ಇಟ್ಟ ಹೆಸರನ್ನು ಅಮ್ಮ ಎತ್ತಿಕೊಂಡು ಮುದ್ದಿನ ಹೆಸರು ಮಾಡಿಬಿಟ್ಟಳು. 'ಬಾರೇ ಪುಕ್ಕಲಿ', 'ತಲೆ ಬಾಚ್ತೀನಿ ಕೂತ್ಕೋ ಪುಕ್ಕಲಿ.' ಆ ಹೆಸರು ಅಮ್ಮನ ಬಾಯಲ್ಲಿ ಬರುವಾಗ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ನಾನು ಅದನ್ನು ನನಗೇ ಇಟ್ಟುಕೊಳ್ಳಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ನನಗೆ ಅಡ್ಡಹೆಸರೇ ಇರಲಿಲ್ಲ. ನಾನು 'ದೊಡ್ಡೋಳು'.

ಈಗ ಪುಕ್ಕಲಿಗೆ ನಲವತ್ತೊಂದು ವರ್ಷ. ಸಿನಿಮಾಗಳಿಗೆ ಸದ್ದು ಮಾಡುವುದು ಅವಳ ಕೆಲಸ. ನಾಯಕ ಮೆಟ್ಟಿಲಿಳಿಯುವಾಗ ನಿಮಗೆ ಕೇಳಿಸುವ ಬೂಟಿನ ಸದ್ದು ನಾಯಕನದಲ್ಲ. ಅಂಥದೇ ಬೂಟು ತೊಟ್ಟು, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ನಿಂತಲ್ಲೇ ಹೆಜ್ಜೆ ಹಾಕುವ ನನ್ನ ತಂಗಿಯದು. ಬೆಂಕಿ ಉರಿಯಬೇಕೆಂದರೆ ಅವಳು ಪ್ಲಾಸ್ಟಿಕ್ ಹಾಳೆ ಮುದುರುತ್ತಾಳೆ. ಹಕ್ಕಿ ಹಾರಬೇಕೆಂದರೆ ಒಂದು ಜೊತೆ ಚರ್ಮದ ಕೈಗವಸು ಬಡಿಯುತ್ತಾಳೆ. ಖಳನಾಯಕನ ಮೂಳೆ ಮುರಿಯಲು ಎಲೆಕೋಸಿನ ದಂಟು ಸಾಕು. ಇಷ್ಟಕ್ಕೆ ಅವಳಿಗೆ ಎರಡು ಪ್ರಶಸ್ತಿ ಬಂದಿವೆ, ಪತ್ರಿಕೆಯಲ್ಲಿ ಫೋಟೋ ಬಂದಿದೆ, ಅದೂ ಬಣ್ಣದ್ದು.

ನಾನು ಪರದೆ ಹೊಲಿಯುತ್ತೇನೆ. ಕಿಟಕಿಯ ಪರದೆ, ಬಾಗಿಲ ಪರದೆ, ಆಸ್ಪತ್ರೆಯಲ್ಲಿ ಮಂಚದ ಸುತ್ತ ಎಳೆಯುವ ಹಸಿರು ಪರದೆ. ಅವಳು ಹೆಸರು ಮಾಡಿದ್ದು ಪರದೆಯ ಮೇಲೆ, ನಾನು ಬೆನ್ನು ಬಗ್ಗಿಸಿದ್ದು ಪರದೆಯ ಮುಂದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಾದರೂ 'ಇದನ್ನು ಹೊಲಿದವರು ಯಾರು' ಎಂದು ಕೇಳಿದ್ದರೆ ನನ್ನ ಕತ್ತರಿಯಾಣೆ. ಬಟ್ಟೆಯನ್ನು ಹೊಗಳುತ್ತಾರೆ, ಅಂಗಡಿಯ ಮಾಲೀಕರನ್ನು ಹೊಗಳುತ್ತಾರೆ, ಕೆಲವರು ಕಿಟಕಿಯನ್ನೇ ಹೊಗಳಿ ಹೋಗಿದ್ದಾರೆ. ಅಮ್ಮ ಇರುವುದು ನನ್ನ ಮನೆಯಲ್ಲಿ, ಆದರೆ ಅಮ್ಮನ ಮಂಚದ ಪಕ್ಕ ಗೋಡೆಯ ಮೇಲಿರುವುದು ಪುಕ್ಕಲಿಯ ಬಣ್ಣದ ಫೋಟೋ. ಅದಕ್ಕೆ ಗಾಜು ಹಾಕಿಸಿ ತಂದವಳೂ ನಾನೇ.

ಈ ಕೆಲಸದ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಪತ್ರಿಕೆಯವರು ಕೇಳಿದಾಗಲೆಲ್ಲ ಅವಳು ಒಂದೇ ಕಥೆ ಹೇಳುತ್ತಾಳೆ. ಕಥೆ ಸುಳ್ಳಲ್ಲ. ಆದರೆ ಅದರ ಅರ್ಧ ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆಯ ಮನೆ. ಅಪ್ಪ ಬಸ್ ಕಂಡಕ್ಟರು, ನಾವು ಮಲಗಿದ ಮೇಲೆ ಬಂದು ಏಳುವುದಕ್ಕೆ ಮೊದಲೇ ಹೊರಟುಬಿಡುತ್ತಿದ್ದರು. ಒಳಕೋಣೆಯಲ್ಲಿ ಒಂದೇ ಹಾಸಿಗೆ. ಅಮ್ಮ ನಡುವೆ, ನಾನು ಬಲಕ್ಕೆ, ತಂಗಿ ಎಡಕ್ಕೆ. ಅಮ್ಮನ ಬಲಗೈ ನನ್ನ ಮೇಲೆ ಬೀಳುತ್ತಿತ್ತು. ನನ್ನ ಬದುಕಿನ ಒಳ್ಳೆಯ ಕಾಲ ಅದು. ನನಗಾಗ ಎಂಟು ವರ್ಷ, ಅವಳಿಗೆ ಐದು.

ಒಂದು ಸಂಜೆ ಕರೆಂಟು ಹೋಯಿತು. ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ತಡಕಾಡುತ್ತ ಅಮ್ಮ ತನ್ನಷ್ಟಕ್ಕೆ, "ಅಬ್ಬಬ್ಬಾ, ಏನ್ ಕತ್ತಲೆ ಇದು, ಗವ್ ಅಂತಿದೆ" ಅಂದಳು. ನಾವೆಲ್ಲ ಆಡುವ ಮಾತೇ. ಜನವಿಲ್ಲದ ಬೀದಿ ಬಿಕೋ ಅನ್ನುತ್ತದೆ, ಖಾಲಿ ಮನೆ ಭಣಭಣ ಅನ್ನುತ್ತದೆ, ಕತ್ತಲೆ ಗವ್ ಅನ್ನುತ್ತದೆ. ಬಾಯಿಲ್ಲದವಕ್ಕೆಲ್ಲ ನಮ್ಮವರು ಒಂದೊಂದು ಬಾಯಿ ಕೊಟ್ಟಿದ್ದಾರೆ. ಹೇಳುವವರು ಹೇಳುತ್ತಾರೆ, ಕೇಳುವವರು ಕೇಳಿ ಬಿಡುತ್ತಾರೆ. ನನ್ನ ತಂಗಿ ಮಾತ್ರ ಅದನ್ನು ನಂಬಿದಳು.

"ಯಾರಮ್ಮಾ ಗವ್ ಅಂದಿದ್ದು?"

"ಕತ್ತಲೆ ಕಣೇ."

"ನಂಗೆ ಕೇಳಿಸ್ಲೇ ಇಲ್ಲ. ಇನ್ನೊಂದ್ಸಲ ಅನ್ನತ್ತಾ?"

ಅಮ್ಮ ದಿನವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಬಂದಿದ್ದಳು. ಇವಳ ಬಾಯಿ ಮುಚ್ಚಿದರೆ ಸಾಕೆಂದು, "ಅನ್ನತ್ತೆ. ಸುಮ್ನಿದ್ರೆ ಕೇಳ್ಸತ್ತೆ" ಅಂದಳು.

ಅವಳು ಸುಮ್ಮನಾದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕತ್ತಲೆಯ ಕಡೆ ಮುಖ ಮಾಡಿ, ಬಾಯಿ ತೆರೆದುಕೊಂಡು, ಕಿವಿಗೊಟ್ಟು ಕೂತೇ ಇದ್ದಳು. ಅವತ್ತಿನಿಂದ ಅವಳಿಗೆ ನಿದ್ದೆ ಬಾರದಾಯಿತು. ದೀಪ ಆರಿಸಿದರೆ ಸಾಕು, 'ಅಮ್ಮಾ ಈಗ ಅನ್ನತ್ತೆ, ಅಮ್ಮಾ ಈಗ ಅನ್ನತ್ತೆ' ಎಂದು ಅಮ್ಮನಿಗೆ ಅಂಟಿಕೊಳ್ಳುತ್ತಿದ್ದಳು. ಅಮ್ಮ ಪೂರ್ತಿ ಅವಳ ಕಡೆ ಹೊರಳಿ ಮಲಗತೊಡಗಿದಳು. ನನಗೆ ಉಳಿದದ್ದು ಅಮ್ಮನ ಬೆನ್ನು.

ನನಗೂ ಭಯವಾಗುತ್ತಿತ್ತು. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅವಳಿಗಿಂತ ಹೆಚ್ಚೇ ಆಗುತ್ತಿತ್ತು, ಯಾಕೆಂದರೆ ನನ್ನ ಬದಿಗೆ ಬಾಗಿಲಿತ್ತು. ಒಂದು ದಿನ ಅಮ್ಮನ ಬೆನ್ನಿಗೆ ಮೂಗು ತಾಗಿಸಿ, "ಅಮ್ಮಾ, ನಂಗೂ ಹೆದ್ರಿಕೆ" ಅಂದೆ.

"ಅವಳನ್ನ ನೋಡಿ ನೀನೂ ಶುರು ಮಾಡ್ಬೇಡ. ದೊಡ್ಡೋಳು ನೀನು" ಅಂದಳು ಅಮ್ಮ, ಈ ಕಡೆ ಹೊರಳದೆ.

ಅತ್ತ ಮಗುವಿಗೇ ಹಾಲು ಎನ್ನುತ್ತಾರಲ್ಲ, ಅದರಲ್ಲೂ ಮೊದಲು ಅತ್ತ ಮಗುವಿಗೆ. ಎರಡನೆಯವಳು ಅತ್ತರೆ ಅದು ನಾಟಕ. ಆಮೇಲೆ ನಾನು ಹೇಳಲಿಲ್ಲ.

ಅಷ್ಟರಲ್ಲಿ ಅಪ್ಪ ಒಂದು ದಿನ, "ಇದು ಹೀಗೇ ಆದ್ರೆ ಚಿಕ್ಕೋಳನ್ನ ಸ್ವಲ್ಪ ದಿನ ಅತ್ತೆ ಮನೆಗೆ ಕಳ್ಸೋಣ, ಅಲ್ಲಿ ಜನ ಜಾಸ್ತಿ, ಭಯ ಹೋಗತ್ತೆ" ಎಂದದ್ದು ನನ್ನ ಕಿವಿಗೆ ಬಿತ್ತು. ಭಯ ಇನ್ನಷ್ಟಾದರೆ ಇವಳು ಅತ್ತೆ ಮನೆಗೆ, ಅಮ್ಮ ಈ ಕಡೆಗೆ. ಎಂಟು ವರ್ಷದ ತಲೆಗೆ ಇದು ಸರಿಯಾದ ಲೆಕ್ಕವಾಗಿಯೇ ಕಂಡಿತು.

ಒಳಕೋಣೆಯ ಗೋಡೆಯಾಚೆ ಬಚ್ಚಲಿತ್ತು. ಅಲ್ಲಿ ತಗಡಿನ ಒಂದು ನೀರಿನ ಡ್ರಮ್ಮು. ನಮ್ಮನ್ನು ಮಲಗಿಸಿ ಅಮ್ಮ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಪಾತ್ರೆ ತೊಳೆಯುವ ಹೊತ್ತಿಗೆ, ನಾನು ಬಚ್ಚಲಿಗೆ ಹೋಗಿಬರುತ್ತೇನೆಂದು ಏಳುತ್ತಿದ್ದೆ. ಹಾಸಿಗೆಯಿಂದ ಡ್ರಮ್ಮಿಗೆ ಹನ್ನೆರಡು ಹೆಜ್ಜೆ. ದೀಪ ಹಾಕುವಂತಿರಲಿಲ್ಲ, ಹಾಕಿದರೆ ಬೆಳಕು ಒಳಗೆ ಬಿದ್ದು ಕೆಲಸ ಕೆಡುತ್ತಿತ್ತು. ಕಾಲ ಕೆಳಗೆ ತಣ್ಣನೆಯ ಕಲ್ಲು, ಎದುರಿಗೆ ಏನೂ ಕಾಣದು. ನಡುಗುತ್ತ ಹೋಗಿ, ಡ್ರಮ್ಮಿನೊಳಗೆ ತಲೆ ಹಾಕಿ, ನೀರಿಗೆ ಮೂಗು ತಾಗುವಷ್ಟು ಬಗ್ಗಿ, ಗಂಟಲಿನ ಆಳದಿಂದ 'ಗವ್' ಎನ್ನುತ್ತಿದ್ದೆ.

ಆ ಸದ್ದು ಡ್ರಮ್ಮಿನಲ್ಲಿ ಸುತ್ತಿ, ತಗಡಿಗೆ ಬಡಿದು, ಗೋಡೆ ಹಿಡಿದು ಒಳಗೆ ಹೋಗುತ್ತಿತ್ತು. ಮರುಕ್ಷಣ ಪುಕ್ಕಲಿ ಕಿಟಾರನೆ ಕಿರುಚುತ್ತಿದ್ದಳು, "ಅಕ್ಕಾ, ಅಕ್ಕಾ" ಎಂದು. ನಲ್ಲಿ ನಿಲ್ಲಿಸಿ ಅಮ್ಮ ಓಡುತ್ತಿದ್ದಳು. ನಾನು ಏನೂ ಅರಿಯದವಳ ಹಾಗೆ ಮೆಲ್ಲಗೆ ಬಂದು ಮಲಗುತ್ತಿದ್ದೆ. ಒಂದು ಪರೀಕ್ಷೆಯಿಂದ ಇನ್ನೊಂದು ಪರೀಕ್ಷೆಯವರೆಗೆ ಇದು ನಡೆಯಿತು.

ಅತ್ತೆ ಮನೆಗೆ ಯಾರೂ ಹೋಗಲಿಲ್ಲ. ಮಗು ಇಷ್ಟು ಹೆದರಿರುವಾಗ ಕಳಿಸುವುದು ಹೇಗೆ ಎಂದಳು ಅಮ್ಮ, ಅವಳನ್ನು ಎದೆಯ ಮೇಲೇ ಮಲಗಿಸಿಕೊಂಡಳು. ಜೊತೆಗೆ ನನ್ನನ್ನು ತೋರಿಸಿ, "ನೋಡು, ಅಕ್ಕ ಕತ್ತಲೇಲಿ ಒಬ್ಬಳೇ ಬಚ್ಚಲಿಗೆ ಹೋಗಿ ಬರ್ತಾಳೆ, ಎಷ್ಟು ಧೈರ್ಯ" ಎಂದು ಹೊಗಳಿದಳು. ಆ ಧೈರ್ಯದ ಬಿರುದು ನನ್ನ ಕೊರಳಿಗೆ ಬಿದ್ದ ಮೇಲೆ ಇವತ್ತಿನವರೆಗೂ ಇಳಿದಿಲ್ಲ. ಕೊನೆಗೆ ಡ್ರಮ್ಮಿಗೆ ತುಕ್ಕು ಹಿಡಿದು ತೂತಾಯಿತು, ಅಪ್ಪ ಪ್ಲಾಸ್ಟಿಕ್ಕಿನದು ತಂದರು. ಪ್ಲಾಸ್ಟಿಕ್ಕಿನಲ್ಲಿ ಗವ್ ಬರಲಿಲ್ಲ, ಬರೀ ನನ್ನ ದನಿ ಬಂತು. ಅಲ್ಲಿಗೆ ನಿಲ್ಲಿಸಿದೆ.

ಪುಕ್ಕಲಿ ಪತ್ರಿಕೆಯವರಿಗೆ ಹೇಳುವ ಕಥೆ ಇದೇ, ಡ್ರಮ್ಮು ಬಿಟ್ಟು. 'ಕತ್ತಲೆ ಗವ್ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅವತ್ತಿನಿಂದ ಸದ್ದುಗಳನ್ನು ಹುಡುಕುತ್ತಿದ್ದೇನೆ' ಎನ್ನುತ್ತಾಳೆ. ಅದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಎರಡು ಉರಿ. ತಪ್ಪು ಮಾಡಿದ್ದೇನೆ ಎನ್ನುವುದು ಒಂದು. ಆ ಗವ್ ನನ್ನದು, ಅದರ ಮೇಲೆ ಇವಳು ಮನೆ ಕಟ್ಟಿದಳಲ್ಲ ಎನ್ನುವುದು ಇನ್ನೊಂದು. ದೊಡ್ಡದು ಎರಡನೆಯದೇ.

ಹೋದ ವರ್ಷ ಅವಳಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಮಕ್ಕಳನ್ನು ಕರೆದುಕೊಂಡು ಇಡೀ ಮನೆಮಂದಿ ನೋಡಬಹುದಾದ ಭಯದ ಸಿನಿಮಾ. ರಕ್ತವಿಲ್ಲ, ದೆವ್ವವಿಲ್ಲ. ಆರು ವರ್ಷದ ಒಂದು ಹುಡುಗಿ, ಅವಳಿಗೆ ಕತ್ತಲೆಯೆಂದರೆ ಭಯ, ಅಷ್ಟೇ. ಪುಕ್ಕಲಿ ತನ್ನ ಗವ್ ಕಥೆಯನ್ನು ನಿರ್ದೇಶಕಿಗೆ ಹೇಳಿದ್ದೇ ತಡ, ಆಕೆ ಸಿನಿಮಾದ ನಟ್ಟನಡುವೆ ನಲವತ್ತು ಸೆಕೆಂಡು ಪರದೆಯನ್ನು ಪೂರ್ತಿ ಕಪ್ಪು ಮಾಡಿಬಿಟ್ಟರಂತೆ. ಏನೂ ಕಾಣಬಾರದು. ಕತ್ತಲೆ ಗವ್ ಅನ್ನಬೇಕು. ಮಕ್ಕಳು ಅಮ್ಮಂದಿರ ಕೈ ಹಿಡಿದುಕೊಳ್ಳಬೇಕು.

ಗವ್ ಮಾತ್ರ ಬರಲಿಲ್ಲ. ಕೊಳವೆ ಊದಿದಳು, ನೀರಿನ ಟ್ಯಾಂಕಿನಲ್ಲಿ ಕಲ್ಲು ಉರುಳಿಸಿದಳು, ಹಳೆಯ ಪೆಟ್ಟಿಗೆಗಳನ್ನು ಎಳೆದಳು. ಹದಿನಾರು ಬಗೆ ಮಾಡಿದರೂ ಯಾವುದೂ ಅದಲ್ಲ. ಒಂದು ಮಧ್ಯಾಹ್ನ ನನ್ನ ಮನೆಗೆ ಬಂದು ಅಮ್ಮನ ಮಂಚದ ಮೇಲೆ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಅಮ್ಮಾ, ಆ ಗವ್ ಹೇಗಿತ್ತು? ನಿನಗೇನಾದ್ರೂ ನೆನಪಿದ್ಯಾ?"

"ಕತ್ತಲೆ ಎಲ್ಲಾದ್ರೂ ಮಾತಾಡತ್ತೇನೇ ಪುಕ್ಕಲಿ. ಕನಸು ಬಿದ್ದಿರ್ಬೇಕು ನಿನಗೆ."

"ಕನಸಲ್ಲಮ್ಮ. ಈ ವಾರ ಮುಗಿಯೋದ್ರೊಳಗೆ ಸಿಗ್ಲಿಲ್ಲ ಅಂದ್ರೆ ಕಂಪ್ಯೂಟರಿನಿಂದ ರೆಡಿಮೇಡ್ ಸದ್ದು ತಗೊಂಡು ಬೇರೆಯವರ ಕೈಲಿ ಮುಗಿಸ್ತಾರಂತೆ. ಪೂರ್ತಿ ಸಿನಿಮಾನೇ ಕೈ ತಪ್ಪತ್ತೆ. ಇನ್ಮೇಲೆ ಯಾರು ಕರೀತಾರೆ ನನ್ನ, ಎಲ್ಲಾ ಕಂಪ್ಯೂಟರಲ್ಲೇ ಸಿಗತ್ತೆ." ನಂತರ ನನ್ನ ಕಡೆ ತಿರುಗಿ, "ಅಕ್ಕಾ, ನೀನು ಎದ್ದಿರ್ತಿದ್ದೆಯಲ್ಲ. ನಿನಗೆ ಕೇಳ್ಸಿರ್ಲಿಲ್ವಾ?" ಅಂದಳು.

"ಇಲ್ಲ" ಅಂದೆ. ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದೆ. ಆಸ್ಪತ್ರೆಯ ಪರದೆಯ ಅಂಚು ಸೊಟ್ಟಗೆ ಹೋಯಿತು, ಆಮೇಲೆ ಒಂದು ಮೊಳ ಪೂರ್ತಿ ಬಿಚ್ಚಬೇಕಾಯಿತು.

ಹೇಳಬೇಕಿತ್ತು. ಹೇಳಿದರೆ ಅವಳ ಕೆಲಸ ಉಳಿಯುತ್ತಿತ್ತು. ಹೇಳಿದರೆ ಅಮ್ಮನ ಎದುರು ನಾನು ಏನಾಗುತ್ತಿದ್ದೆ ಎನ್ನುವುದೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಒಳಗೊಂದು ಕೆಟ್ಟ ಸಂತೋಷ ಮಿಸುಕುತ್ತಿತ್ತು. ಒಂದು ಸಲ ಇವಳ ಕೈಯಿಂದಲೂ ಏನಾದರೂ ಜಾರಲಿ, ನೋಡೋಣ.

ಎರಡು ದಿನ ಕಳೆದು ನಾನು ಅವಳ ಸ್ಟುಡಿಯೋದಲ್ಲಿ ಏಣಿಯ ಮೇಲೆ ನಿಂತಿದ್ದೆ. ಅಲ್ಲಿಯ ಗೋಡೆಗಳಿಗೆ ಕಪ್ಪು ಪರದೆ ಬೇಕಿತ್ತು, ಪ್ರತಿಧ್ವನಿ ನಿಲ್ಲಿಸಲು. ಆ ಕೆಲಸ ನನಗೆ ಕೊಡಿಸಿದವಳು ಅವಳೇ. ಉಪಕಾರವೂ ಅವಳದೇ ಇರಬೇಕು ನೋಡಿ. ಸಾಮಾನ್ಯವಾಗಿ ಪರದೆ ನೆಲದಿಂದ ಒಂದು ಬೆರಳು ಮೇಲಿರಬೇಕು, ಆದರೆ ಸದ್ದಿನ ಕೋಣೆಯಲ್ಲಿ ಎರಡು ಇಂಚು ನೆಲದ ಮೇಲೆ ಬಿದ್ದಿರಬೇಕು. ಹೊಲಿದದ್ದು ನಾನಾದ್ದರಿಂದ ಹುಕ್ಕು ಹಾಕಲೂ ನಾನೇ ಹೋಗಿದ್ದೆ.

ಮಟಮಟ ಮಧ್ಯಾಹ್ನ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಮಾತ್ರ ಯಾವ ಹೊತ್ತೆಂದೇ ತಿಳಿಯದು. ನೆಲದಲ್ಲಿ ಒಂದು ಚೌಕ ಮರ, ಒಂದು ಚೌಕ ಕಲ್ಲು, ಒಂದು ಚೌಕ ಮರಳು. ಗೋಡೆಯಿಲ್ಲದೆ ನಿಂತ ಒಂದು ಬಾಗಿಲು, ಅದಕ್ಕೆ ಮೂರು ಬಗೆಯ ಚಿಲಕ. ಹಲಗೆಯ ಮೇಲೆ ಸಾಲಾಗಿ ಎಂಬತ್ತು ಜೊತೆ ಚಪ್ಪಲಿ, ಬೂಟು. ಮಧ್ಯದಲ್ಲಿ ಮೈಕಿನ ಮುಂದೆ ಒಬ್ಬ ಮಿಮಿಕ್ರಿ ಕಲಾವಿದರು ನಿಂತಿದ್ದರು. ಕೊನೆಯ ಪ್ರಯತ್ನವೆಂದು ಅವರನ್ನು ಕರೆಸಿದ್ದರು. ಅವರು ರೈಲು, ಕೋಗಿಲೆ, ಕೆಟ್ಟುಹೋದ ಸ್ಕೂಟರು ಎಲ್ಲವನ್ನೂ ಮಾಡುತ್ತಾರಂತೆ.

ಅವರು ಒಂದು ಗವ್ ಹೊಡೆದರು. ಪಕ್ಕದ ಬೀದಿಯ ನಾಯಿಗೆ ಉತ್ತರ ಕೊಟ್ಟ ಹಾಗಿತ್ತು. ನಾನು ಪರದೆಗೆ ಮುಖ ಒತ್ತಿ ನಗು ತಡೆದುಕೊಂಡೆ. ಎರಡನೆಯದು ಹುಲಿ, ಮೂರನೆಯದು ಹೊಟ್ಟೆನೋವಿನ ಹುಲಿ.

"ಹಾಗಲ್ಲ ಮೇಷ್ಟ್ರೇ" ಎಂದಳು ಪುಕ್ಕಲಿ. ಕಣ್ಣು ಮುಚ್ಚಿಕೊಂಡಿದ್ದಳು. "ಅದು ದೂರದಿಂದ ಬರ್ತಿತ್ತು, ಆದ್ರೆ ಕಿವಿ ಪಕ್ಕದಲ್ಲೇ ಇರ್ತಿತ್ತು. ಗಂಟಲಲ್ಲಿ ನೀರು ನಿಂತ ಹಾಗೆ. ಮೊದಲು ತಣ್ಣಗೆ, ಆಮೇಲೆ ಸುತ್ತೋದು. ಕೊನೇಲಿ ಉಸಿರು ಒಳಗೆ ಎಳ್ಕೊಂಡ ಹಾಗೆ ಒಂದು ಸಣ್ಣ ಸದ್ದು. ಆ ಕೊನೇದೇ ಮುಖ್ಯ."

ನಾನು ಏಣಿಯ ಮೇಲೆ ಹಾಗೇ ನಿಂತೆ, ಹುಕ್ಕು ಕೈಯಲ್ಲೇ ಉಳಿಯಿತು. ಮೂವತ್ತಾರು ವರ್ಷ. ನಾನು ಮಾಡಿದ್ದನ್ನು ಇವಳು ಒಂದೆಳೆ ಬಿಡದೆ ಇಟ್ಟುಕೊಂಡಿದ್ದಳು. ಯಾರೂ ನನ್ನ ಯಾವ ಕೆಲಸವನ್ನೂ ಇಷ್ಟು ಗಮನಿಸಿರಲಿಲ್ಲ. ನಾಚಿಕೆಯಾಗಬೇಕಿದ್ದ ಹೊತ್ತಿನಲ್ಲಿ ನನಗೆ ಹೆಮ್ಮೆಯಾಯಿತು, ಏನು ಮಾಡಲಿ.

ಕಲಾವಿದರು ಇನ್ನೂ ನಾಲ್ಕು ಸಲ ಮಾಡಿದರು. ಮೂಲೆಯಲ್ಲಿ ಕೂತಿದ್ದ ನಿರ್ದೇಶಕಿ ಗಡಿಯಾರ ನೋಡಿಕೊಂಡರು. "ಸರಿ, ಎರಡನೇದನ್ನೇ ಇಟ್ಕೊಳ್ಳೋಣ. ಇನ್ನು ಕಾಯೋಕಾಗಲ್ಲ. ಮೇಷ್ಟ್ರ ಹೆಸರನ್ನ ದೊಡ್ಡದಾಗಿ ಹಾಕೋಣ, ಕತ್ತಲೆಯ ದನಿ ಅಂತ."

ಕತ್ತಲೆಯ ದನಿ! ಆ ಹುಲಿಗೆ! ತಂಗಿಗೆ ಪ್ರಶಸ್ತಿ ಬಂದದ್ದನ್ನು ನುಂಗಿಕೊಂಡಿದ್ದೆ, ಫೋಟೋಕ್ಕೆ ಗಾಜು ಹಾಕಿಸಿದ್ದೆ. ಆದರೆ ನನ್ನ ಹನ್ನೆರಡು ಹೆಜ್ಜೆ, ನನ್ನ ಡ್ರಮ್ಮು, ನನ್ನ ಗವ್, ಅದಕ್ಕೆ ಯಾರೋ ದಾರಿಹೋಕ ಬಂದು ಹೆಸರು ಹಾಕಿಸಿಕೊಳ್ಳುವುದೇ?

"ಅದು ಹಾಗಲ್ಲಾ ರೀ!" ಎಂದು ಏಣಿಯ ಮೇಲಿನಿಂದ ಕೂಗಿದೆ. "ತಗಡಿನ ಡ್ರಮ್ಮು ಬೇಕು ಅದಕ್ಕೆ. ಅರ್ಧಕ್ಕಿಂತ ಕಮ್ಮಿ ನೀರಿರ್ಬೇಕು. ತಲೆ ಪೂರ್ತಿ ಒಳಗೆ ಹೋಗ್ಬೇಕು. ಹೊರಗೆ ನಿಂತ್ಕೊಂಡು ಬೊಗಳಿದ್ರೆ ಬರತ್ತಾ?"

ಕೋಣೆಯಲ್ಲಿ ಸದ್ದಡಗಿತು. ನಾನು ಹೊಲಿದ ಪರದೆಗಳು ತಮ್ಮ ಕೆಲಸ ಚೆನ್ನಾಗಿ ಮಾಡುತ್ತಿದ್ದವು. ಪುಕ್ಕಲಿ ಕಣ್ಣು ತೆರೆದು ಮೇಲೆ ನೋಡಿದಳು.

"ನಿನಗೆ ಹೇಗೆ ಗೊತ್ತು ಅಕ್ಕಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನನ್ನು ಯಾರೂ ಕಳ್ಳಿ ಅಂದೇ ಇರಲಿಲ್ಲ, ನಾನೇ ಕುಂಬಳಕಾಯಿ ಹೊತ್ತು ಏಣಿ ಹತ್ತಿದ್ದೆ. ಇಳಿದು ಬಂದೆ. "ಡ್ರಮ್ಮು ತರ್ಸು, ತೋರಿಸ್ತೀನಿ" ಎಂದೆ, ಅವಳ ಮುಖ ನೋಡದೆ.

ಹಿಂದಿನ ಅಂಗಳದಲ್ಲಿ ಗೋಡೆಗೆ ಹಚ್ಚುವ ಬಣ್ಣದ ಖಾಲಿ ತಗಡಿನ ಡ್ರಮ್ಮಿತ್ತು. ತೊಳೆದು ತಂದರು, ನೀರು ಹಾಕಿದರು, ಮೈಕನ್ನು ಡ್ರಮ್ಮಿನ ಹೊರಗೆ ತಗಡಿಗೆ ಹತ್ತಿರ ಇಟ್ಟರು. "ದೀಪ ಆರಿಸಿ" ಎಂದೆ. ಆರಿಸಿದರು. ನಾನೇ ಹೊಲಿದ ಕಪ್ಪು ಪರದೆಗಳ ನಡುವೆ ಒಂದು ಚೂರು ಬೆಳಕು ಉಳಿಯಲಿಲ್ಲ. ಡ್ರಮ್ಮಿನೊಳಗೆ ತಲೆ ಹಾಕಿದೆ. ತುಕ್ಕಿನ ವಾಸನೆ, ನೀರಿನ ತಂಪು. ಕಾಲ ಕೆಳಗೆ ಆ ಬಚ್ಚಲಿನ ಕಲ್ಲು ಇದೆ ಎಂದೇ ಅನ್ನಿಸಿತು. ಗಂಟಲಿನ ಆಳದಿಂದ ಅಂದೆ.

ಅದು ಸುತ್ತಿ ಬಂದು ನನ್ನ ಕಿವಿಗೇ ಬಡಿಯಿತು. ಎಂಟು ವರ್ಷದವಳಿದ್ದಾಗ ಪ್ರತಿ ಸಲ ಆಗುತ್ತಿದ್ದ ಹಾಗೆಯೇ ಎದೆ ಧಸಕ್ಕೆಂದು, ಉಸಿರು ತಾನಾಗಿ ಒಳಗೆ ಹೋಯಿತು. ನಾನು ಬೇಕೆಂದು ಎಳೆದುಕೊಂಡದ್ದಲ್ಲ.

ದೀಪ ಹತ್ತಿತು. ಮಿಮಿಕ್ರಿ ಕಲಾವಿದರು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. ನಿರ್ದೇಶಕಿ, "ಇದೇ, ಇದೇ" ಎನ್ನುತ್ತಿದ್ದರು. ಪುಕ್ಕಲಿ ಅಲ್ಲಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತಿದ್ದಳು. ನನ್ನ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡು ಮೆಟ್ಟಿಲು ಬಿಟ್ಟು ಕೂತೆ.

"ಇವತ್ತಿಗೂ ದೀಪ ಹಾಕ್ಕೊಂಡೇ ಮಲಗ್ತೀನಿ ನಾನು" ಎಂದಳು. "ನಮ್ಮನೆಯವ್ರು ಕಣ್ಣಿಗೆ ಬಟ್ಟೆ ಕಟ್ಕೊಂಡು ಮಲಗ್ತಾರೆ. ಹದಿನೈದು ವರ್ಷದಿಂದ. ಯಾಕೆ ಮಾಡ್ದೆ ಅಕ್ಕಾ?"

"ಅಮ್ಮ ನಿನ್ ಕಡೆ ಹೊರಳಿ ಮಲಗ್ತಿದ್ಲು."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಅವಳು ಚಪ್ಪಲಿಯ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಂಡಳು. "ನಾನು ಯಾಕೆ ಅಷ್ಟು ಕಿರುಚ್ತಿದ್ದೆ ಗೊತ್ತಾ? ನಾನು ಅಮ್ಮನ ಹಾಸಿಗೇಲಿದ್ದೆ, ನನಗೇನಾಗತ್ತೆ. ಗವ್ ಅನ್ನೋವಾಗೆಲ್ಲ ನೀನೊಬ್ಳೇ ಹೊರಗಿರ್ತಿದ್ದೆ. ಅದು ನಿನ್ನ ಹಿಡ್ಕೊಂಡ್ ಹೋಗತ್ತೆ ಅಂತ ಕೂಗ್ತಿದ್ದೆ. ಅಕ್ಕಾ ಅಕ್ಕಾ ಅಂತ ತಾನೇ ಕೂಗ್ತಿದ್ದದ್ದು? ಅಮ್ಮಾ ಅಂದಿದ್ದು ಕೇಳಿದ್ಯಾ ಒಂದ್ಸಲನಾದ್ರೂ?"

ಕೇಳಿರಲಿಲ್ಲ. ಗುಂಡಿಗಳನ್ನು ಎಣಿಸಿಟ್ಟವಳು ನಾನು, ಅವಳ ಬಾಯಲ್ಲಿ ಬಂದದ್ದನ್ನು ಎಣಿಸಿರಲಿಲ್ಲ. ಹೊಟ್ಟೆಕಿಚ್ಚಿನವರಿಗೆ ಮರೆವಿಲ್ಲ ಎಂದು ಮೊದಲೇ ಜಂಬ ಕೊಚ್ಚಿಕೊಂಡೆನಲ್ಲ, ಆ ಮಾತನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ. ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಎದ್ದು ಒಳಗೆ ಹೋದಳು.

ಎರಡು ತಿಂಗಳು ಅವಳಿಂದ ಒಂದು ಫೋನಿಲ್ಲ. ಅಮ್ಮನಿಗೆ ಮಾಡುತ್ತಿದ್ದಳು, ನಾನು ಎತ್ತಿದರೆ "ಅಮ್ಮನಿಗೆ ಕೊಡು" ಎನ್ನುತ್ತಿದ್ದಳು, ಅಷ್ಟೇ. ಅಮ್ಮನಿಗೆ ಅವಳು ಏನೂ ಹೇಳಿರಲಿಲ್ಲ. ಕೆಲಸ ಅವಳಲ್ಲೇ ಉಳಿಯಿತು. ಇನ್ನೊಬ್ಬ ನಿರ್ದೇಶಕರು ಕೂಡ ಕರೆದರೆಂದು ಅಮ್ಮ ಹಿಗ್ಗಿದಳು. ಮೊದಲಾಗಿದ್ದರೆ ಆ ದಿನ ನಾನು ಯಂತ್ರದ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಅವತ್ತು 'ಅಕ್ಕನಿಗೂ ಹೇಳು ಅಂದ್ಲಾ' ಎಂದು ಕೇಳಿದೆ. ಅಂದಿರಲಿಲ್ಲ.

ಒಂದು ದಿನ ಫೋನು ಬಂತು. "ಅಮ್ಮನಿಗೆ ಕೊಡ್ತೀನಿ ಇರು" ಎಂದೆ.

"ಬೇಡ. ಒಂದು ಕೇಳ್ಬೇಕು. ಆ ನಲವತ್ತು ಸೆಕೆಂಡನ್ನ ನೂರು ಸಲ ಕೇಳಿದೀನಿ. ಕೊನೇಲಿ ಉಸಿರು ಎಳ್ಕೊಂಡೆಯಲ್ಲ, ಅದು ಬೇಕಂತ ಮಾಡಿದ್ದಾ?"

"ಇಲ್ಲ."

"ನಂಗೊತ್ತು. ಮಾಡಿದ್ದಾದ್ರೆ ಗೊತ್ತಾಗ್ತಿತ್ತು. ಹೆದರಿದವ್ರ ಉಸಿರು ಅದು" ಎಂದಳು. "ಅವಾಗ್ಲೂ ಹಾಗೇ ಇರ್ತಿತ್ತು" ಎಂದು ಫೋನಿಟ್ಟಳು.

ಮರುದಿನ ಮೂರು ಟಿಕೆಟ್ಟು ಬಂದವು. ಬೆಳಗಿನ ಆಟ. ಪ್ರತಿಯೊಂದರ ಹಿಂದೆ ಅವಳ ಕೈಬರಹದಲ್ಲಿ ಬರೆದಿತ್ತು: ಹನ್ನೊಂದು ಅಕ್ಕ, ಹನ್ನೆರಡು ಅಮ್ಮ, ಹದಿಮೂರು ನಾನು. ಅಮ್ಮನನ್ನು ನಡುವೆ ಇಟ್ಟಿದ್ದಳು.

ಚಿತ್ರಮಂದಿರದ ತುಂಬ ಮಕ್ಕಳು. ಅಮ್ಮ ಕನ್ನಡಕ ಒರೆಸಿಕೊಂಡು ಪರದೆಯ ಅಂಚು ನೋಡಿ, "ಇದನ್ನೂ ನೀನೇ ಹೊಲಿದಿದ್ದೇನೇ?" ಎಂದು ನನ್ನನ್ನು ಕೇಳಿದಳು. ಪುಕ್ಕಲಿ ಆಚೆ ಕಡೆಯಿಂದ ನಕ್ಕಳು. ನನ್ನ ಕಡೆ ನೋಡಲಿಲ್ಲವಾದರೂ ನಕ್ಕಳು.

ಸಿನಿಮಾ ಅರ್ಧಕ್ಕೆ ಬಂದಾಗ ಆ ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತಳು. ದೀಪ ಆರಿತು. ಪರದೆ ಕಪ್ಪಾಯಿತು, ಅದರ ಜೊತೆ ಇಡೀ ಚಿತ್ರಮಂದಿರವೂ. ಮಕ್ಕಳ ಗುಸುಗುಸು ನಿಂತಿತು. ನಾನು ಮನಸ್ಸಿನಲ್ಲೇ ನಗುತ್ತಿದ್ದೆ, ಏನು ಬರಲಿದೆ ಎಂದು ನನಗೆ ಗೊತ್ತಲ್ಲ, ಬಣ್ಣದ ಡ್ರಮ್ಮಿನೊಳಗೆ ಕೂದಲು ನೆನೆಸಿಕೊಂಡ ನಲವತ್ತನಾಲ್ಕರ ಹೆಂಗಸು.

ಗವ್ ಅಂದಿತು.

ಅದು ನನ್ನ ದನಿಯಾಗಿರಲಿಲ್ಲ. ಕುರ್ಚಿಯ ಕೆಳಗಿನಿಂದ, ಬೆನ್ನ ಹಿಂದಿನಿಂದ, ಬಾಗಿಲ ಕಡೆಯಿಂದ ಬಂತು. ಸುತ್ತಲೂ ಮಕ್ಕಳು ಅಮ್ಮಾ ಅಮ್ಮಾ ಎಂದು ಕೂಗಿದವು. ನಾನು ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿ ಅಮ್ಮ ಸರಕ್ಕನೆ ಆಚೆ ಹೊರಳಿ ಪುಕ್ಕಲಿಯ ಕೈ ಹಿಡಿದುಕೊಂಡದ್ದು ಕತ್ತಲೆಯಲ್ಲೂ ನನಗೆ ಗೊತ್ತಾಯಿತು. ನನ್ನ ಕಡೆಗೆ ಅದೇ ಬೆನ್ನು.

ಎಂಟು ವರ್ಷದವಳಿದ್ದಾಗ ಒಂದೇ ಸಲ ಹೇಳಿ ಕೈಬಿಟ್ಟಿದ್ದೆ. ಇನ್ನೊಂದು ಸಲ ಹೇಳಿದೆ.

"ಅಮ್ಮಾ, ನಂಗೂ ಹೆದ್ರಿಕೆ ಆಗ್ತಿದೆ."

"ನಿನಗಾ?" ಎಂದಳು ಅಮ್ಮ.

"ಅವಾಗ್ಲೂ ಆಗ್ತಿತ್ತಮ್ಮ. ದಿನಾ ಆಗ್ತಿತ್ತು."

ಕುರ್ಚಿ ಕಿರ್ರೆಂದಿತು, ಅಮ್ಮ ಈ ಕಡೆ ಹೊರಳಿದಳು. ಇಸ್ತ್ರಿ ಹಿಡಿದು ಹಿಡಿದು ಗಡುಸಾದ ಅವಳ ಬಲಗೈ ನನ್ನ ಕೈ ಹುಡುಕಿ ಹಿಡಿದುಕೊಂಡಿತು.

"ಮತ್ತೆ ಗಟ್ಟಿಯಾಗಿ ಹೇಳ್ಬಾರ್ದಿತ್ತೇನೇ, ಪುಕ್ಕಲಿ" ಎಂದಳು ಅಮ್ಮ.

ಆಚೆ ಕಡೆಯ ಕತ್ತಲೆಯಿಂದ ಕೂಡಲೇ ಒಂದು ಸಿಡುಕಿನ ದನಿ ಬಂತು.

"ಅಮ್ಮಾ, ಅದು ನನ್ ಹೆಸ್ರು."

ಆ ದನಿ ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ. ನಾನು ಅಮ್ಮನ ಕೈ ಬಿಡಲಿಲ್ಲ.